ಹತ್ತರಲ್ಲೊಂದು ಪ್ರಸಾರ ತಪ್ಪಲೆಂದು ಬೇಸ್ ಸ್ಟೇಷನ್ ಏಕೆ ಬಯಸುತ್ತದೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಎಂ.ಟೆಕ್. ಪ್ರಬಂಧಕ್ಕಾಗಿ ಮೊಬೈಲ್ ಜಾಲದ ಶೆಡ್ಯೂಲರ್ ಕುರಿತು ಓದುತ್ತಿದ್ದೇನೆ. ಎಲ್‌ಟಿಇ (4ಜಿ) ಜಾಲದಲ್ಲಿ ಬೇಸ್ ಸ್ಟೇಷನ್, ಅಂದರೆ ಗೋಪುರ, ಪ್ರತಿ ಮಿಲಿಸೆಕೆಂಡಿಗೊಮ್ಮೆ ಯಾವ ಫೋನಿಗೆ ಎಷ್ಟು ರಿಸೋರ್ಸ್ ಬ್ಲಾಕ್ (ಆವರ್ತನದ ತುಣುಕು) ಕೊಡಬೇಕು, ಯಾವ ಮಾಡ್ಯುಲೇಷನ್, ಎಷ್ಟು ಕೋಡಿಂಗ್ ಎಂಬುದನ್ನು ನಿರ್ಧರಿಸುತ್ತದೆ. ಹಾಗೆ ನಿರ್ಧರಿಸುವಾಗ ಮೊದಲ ಪ್ರಸಾರ ಶೇ 10ರಷ್ಟು ಸಲ ವಿಫಲವಾಗಬಹುದು ಎಂಬ ಗುರಿಯನ್ನು ಬೇಕೆಂದೇ ಇಟ್ಟುಕೊಂಡಿರುತ್ತದೆ ಎಂದು ಓದಿದ ಕಡೆಯೆಲ್ಲ ಬರೆದಿದೆ. ಫೋನು ಕಳಿಸುವ ಸಿಕ್ಯೂಐ (ಚಾನೆಲ್ ಗುಣಮಟ್ಟದ) ವರದಿಯ ವ್ಯಾಖ್ಯೆಯೂ ಇದೇ ಶೇ 10ರ ಮೇಲೆ ನಿಂತಿದೆ. ಶೇ 1 ಅಥವಾ ಸಾವಿರಕ್ಕೊಂದು ಎಂದು ಏಕೆ ಇಟ್ಟುಕೊಳ್ಳಲಿಲ್ಲ? ಇನ್ನೊಂದೆಡೆ 5ಜಿಯ ಅತಿ ವಿಶ್ವಾಸಾರ್ಹ ಸೇವೆಗೆ 32 ಬೈಟ್‌ಗಳ ಪ್ಯಾಕೆಟ್ 1 ಮಿಲಿಸೆಕೆಂಡಿನೊಳಗೆ ಶೇ 99.999ರಷ್ಟು ಸಲ ತಲುಪಬೇಕು, ಅಂದರೆ ಲಕ್ಷಕ್ಕೆ ಒಂದಷ್ಟೇ ತಪ್ಪಬಹುದು ಎಂಬ ಗುರಿಯಿದೆ. ಒಂದೇ ಶೆಡ್ಯೂಲರ್ ಈ ಎರಡನ್ನೂ ಹೇಗೆ ನಿಭಾಯಿಸುತ್ತದೆ? ವಿಶ್ವಾಸಾರ್ಹತೆ ಹೆಚ್ಚಿದರೆ ವಿಳಂಬವೂ ಹೆಚ್ಚುತ್ತದೆ ಎಂಬ ಒಂದು ಸಾಲಿನ ವಿವರಣೆ ನನಗೆ ಸಾಲುತ್ತಿಲ್ಲ.

ಗೋಪುರದಡಿ

ರೇಡಿಯೊ ಜಾಲದ ಆಪ್ಟಿಮೈಸೇಷನ್ ಕೆಲಸದಲ್ಲಿರುವುದರಿಂದ ಶೇ 10ರ ಬಗ್ಗೆ ಹೇಳುತ್ತೇನೆ. ಗಣಿತವನ್ನು ಬಲ್ಲವರು ಮುಂದೆ ಸೇರಿಸಲಿ.

ಬೇಸ್ ಸ್ಟೇಷನ್ನಿಗೆ ತಿಳಿದಿರುವುದು ಈ ಕ್ಷಣದ ಚಾನೆಲ್ ಅಲ್ಲ, ಫೋನು ಕೆಲವು ಮಿಲಿಸೆಕೆಂಡುಗಳ ಹಿಂದೆ ಅಳೆದು ವರದಿ ಮಾಡಿದ ಚಾನೆಲ್. 1.8 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದ ಬಸ್ಸಿನಲ್ಲಿ ಕುಳಿತವರ ಫೋನಿಗೆ ಡಾಪ್ಲರ್ ಸರಿತ (ಚಲನೆಯಿಂದ ಆವರ್ತನದಲ್ಲಾಗುವ ಬದಲಾವಣೆ) 100 ಹರ್ಟ್ಸ್ ಆಗುತ್ತದೆ. ಚಾನೆಲ್ ಹೆಚ್ಚುಕಡಿಮೆ ಒಂದೇ ತೆರನಾಗಿ ಉಳಿಯುವ ಅವಧಿ ಆಗ 4 ಮಿಲಿಸೆಕೆಂಡಿನಷ್ಟು ಮಾತ್ರ. ಅದೇ ಫೋನು ಗಂಟೆಗೆ 3 ಕಿಲೋಮೀಟರ್ ನಡಿಗೆಯಲ್ಲಿದ್ದರೆ ಆ ಅವಧಿ 80 ಮಿಲಿಸೆಕೆಂಡನ್ನು ದಾಟುತ್ತದೆ. ಎಂದರೆ ಬಸ್ಸಿನವರ ವರದಿ ಬಂದು ಸೇರುವ ಹೊತ್ತಿಗೇ ಹಳತಾಗಿರುತ್ತದೆ. ಅಂಥ ವರದಿಯನ್ನು ನಂಬಿ ಸಾವಿರಕ್ಕೊಂದೇ ತಪ್ಪಬೇಕೆಂದು ಹಟ ಹಿಡಿದರೆ, ಚಾನೆಲ್ ಅತಿ ಕೆಟ್ಟದಾಗಿರಬಹುದಾದ ಸಾಧ್ಯತೆಗೂ ಸಿದ್ಧವಾಗಿ ಪ್ರತಿ ಸಲವೂ ತೀರ ಕಡಿಮೆ ದರದಲ್ಲಿ ಕಳಿಸಬೇಕಾಗುತ್ತದೆ, ಮತ್ತು ಆ ಎಚ್ಚರಿಕೆಯ ಬೆಲೆಯನ್ನು ಸರಿಯಾಗಿ ತಲುಪುತ್ತಿದ್ದ ಉಳಿದ 999 ಪ್ರಸಾರಗಳೂ ತೆರಬೇಕಾಗುತ್ತದೆ.

ಅದರ ಬದಲು ಸ್ವಲ್ಪ ಧೈರ್ಯದ ದರದಲ್ಲಿ ಕಳಿಸಿ, ತಪ್ಪಿದರೆ ಹಾರ್ಕ್ (HARQ) ಎಂಬ ವ್ಯವಸ್ಥೆಯ ಮೂಲಕ ಮರುಪ್ರಸಾರ ಮಾಡುವುದು ಲಾಭದಾಯಕ. ಮೊದಲ ಸಲ ಅರ್ಥವಾಗದೆ ಉಳಿದ ಸಂಕೇತವನ್ನು ಫೋನು ಎಸೆಯುವುದಿಲ್ಲ. ಎರಡನೆಯ ಪ್ರಸಾರದ ಜೊತೆ ಕೂಡಿಸಿ ಓದುತ್ತದೆ. ಆದ್ದರಿಂದ ಎರಡನೆಯ ಪ್ರಯತ್ನ ಗೆಲ್ಲುವ ಸಾಧ್ಯತೆ ಮೊದಲನೆಯದಕ್ಕಿಂತ ಬಹಳ ಹೆಚ್ಚು. ಎಲ್‌ಟಿಇ ಎಫ್‌ಡಿಡಿಯಲ್ಲಿ (ಕಳಿಸಲು ಮತ್ತು ಪಡೆಯಲು ಬೇರೆ ಬೇರೆ ಆವರ್ತನ ಬಳಸುವ ಬಗೆ) ಈ ಸುತ್ತಿಗೆ 8 ಮಿಲಿಸೆಕೆಂಡು ಹಿಡಿಯುತ್ತದೆ. ಹತ್ತರಲ್ಲಿ ಒಂಬತ್ತು ಬ್ಲಾಕುಗಳು ಕೂಡಲೇ ತಲುಪುತ್ತವೆ, ಒಂದು 8 ಮಿಲಿಸೆಕೆಂಡು ತಡವಾಗುತ್ತದೆ. ವಿಡಿಯೊ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಇನ್ನೊಂದು ಕಾರಣವಿದೆ, ಪುಸ್ತಕಗಳಲ್ಲಿ ಅದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಫೋನಿನ ವರದಿಯಲ್ಲಿರುವ ಪಕ್ಷಪಾತವನ್ನು ತಿದ್ದಲು ಬೇಸ್ ಸ್ಟೇಷನ್ ಒಂದು ಹೊರಸುತ್ತಿನ ಹೊಂದಾಣಿಕೆಯನ್ನು ನಡೆಸುತ್ತದೆ: ಪ್ರತಿ ವೈಫಲ್ಯಕ್ಕೆ ತನ್ನ ಅಂದಾಜನ್ನು ಒಂದು ಹೆಜ್ಜೆ ಇಳಿಸುತ್ತದೆ, ಪ್ರತಿ ಯಶಸ್ಸಿಗೆ ಆ ಹೆಜ್ಜೆಯ ಒಂಬತ್ತನೇ ಒಂದು ಭಾಗದಷ್ಟು ಏರಿಸುತ್ತದೆ. ಈ 1:9 ಅನುಪಾತವೇ ವೈಫಲ್ಯವನ್ನು ಶೇ 10ರಲ್ಲಿ ನಿಲ್ಲಿಸುವುದು. ಇಲ್ಲಿ ವೈಫಲ್ಯವೆಂದರೆ ಮಾಹಿತಿ. ಗುರಿಯನ್ನು ಲಕ್ಷಕ್ಕೊಂದು ಎಂದು ಬದಲಿಸಿದರೆ ಅನುಪಾತ 1:99,999 ಆಗುತ್ತದೆ. ಒಂದು ಸಲ ಅಂದಾಜು ಕೆಳಗಿಳಿದರೆ ಮತ್ತೆ ಮೇಲೇರಲು ಲಕ್ಷ ಪ್ರಸಾರಗಳು ಬೇಕು, ಅಷ್ಟರಲ್ಲಿ ಆ ಫೋನು ಬೇರೆ ಸೆಲ್‌ಗೆ ಹೋಗಿರುತ್ತದೆ. ಹತ್ತರಲ್ಲೊಂದು ತಪ್ಪುವ ಜಾಲ ತನ್ನ ಚಾನೆಲ್ಲನ್ನು ಬೇಗ ಕಲಿಯುತ್ತದೆ. ತಪ್ಪದೇ ಇರುವ ಜಾಲಕ್ಕೆ ತಾನು ಎಷ್ಟು ಅಂಚಿನಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲ.

ಅರೆಬರೆಗಣಿತ

ಗೋಪುರದಡಿಯವರ ವಿವರಣೆ ಸರಿಯಾಗಿಯೇ ಇದೆ, ಆದರೆ ಅದು ಒಟ್ಟು ಸಾಗಣೆಯ ಪ್ರಮಾಣವನ್ನು ಹೆಚ್ಚಿಸಲು ಹೊರಟವರ ವಿವರಣೆ. ತುಂಗಾತೀರ ಅವರು ಕೇಳಿದ್ದು ವಿಶ್ವಾಸಾರ್ಹತೆ ಮತ್ತು ವಿಳಂಬದ ಕುರಿತು. ಈ ಎರಡನ್ನು ತಕ್ಕಡಿಯ ಎರಡು ತಟ್ಟೆಗಳಂತೆ ಕಾಣುವುದರಲ್ಲಿಯೇ ತೊಡಕಿದೆ ಎಂದು ನನಗೆ ಅನಿಸುತ್ತದೆ. ಗಡುವು ಇಲ್ಲದಿದ್ದರೆ ಮತ್ತೆ ಮತ್ತೆ ಕಳಿಸಿ ಯಾವ ಪ್ಯಾಕೆಟ್ಟನ್ನಾದರೂ ತಲುಪಿಸಬಹುದು, ಆಗ ವಿಶ್ವಾಸಾರ್ಹತೆ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಗಡುವು ಇದ್ದಾಗ ಇರುವುದು ಒಂದೇ ಸಂಖ್ಯೆ: ಗಡುವಿನೊಳಗೆ ತಲುಪುವ ಸಂಭಾವ್ಯತೆ.

ಈ ದಾರಿಯಲ್ಲಿ ಐ-ಹಾಂಗ್ ಹೌ, ವಿವೇಕ್ ಬೋರ್ಕರ್ ಮತ್ತು ಪಿ.ಆರ್. ಕುಮಾರ್ ಅವರು 2009ರ ಇನ್ಫೋಕಾಂ ಸಮ್ಮೇಳನದಲ್ಲಿ ಮಂಡಿಸಿದ ಮಾದರಿಯಷ್ಟು ನಿಚ್ಚಳವಾದದ್ದು ಇನ್ನೊಂದಿಲ್ಲ. ಕಾಲವನ್ನು ಸಮಾನ ಅವಧಿಗಳಾಗಿ ವಿಭಾಗಿಸಿ. ಪ್ರತಿ ಅವಧಿಯ ಮೊದಲಲ್ಲಿ ಪ್ರತಿ ಬಳಕೆದಾರರಿಗೆ ಒಂದು ಪ್ಯಾಕೆಟ್ ಬರುತ್ತದೆ, ಅವಧಿ ಮುಗಿಯುವುದರೊಳಗೆ ತಲುಪದಿದ್ದರೆ ಅದನ್ನು ಎಸೆಯಲಾಗುತ್ತದೆ. ಪ್ರತಿಯೊಬ್ಬರಿಗೂ ಒಂದು ಪ್ರಯತ್ನ ಗೆಲ್ಲುವ ಸಂಭಾವ್ಯತೆಯೂ ಅವರು ಬಯಸುವ ತಲುಪುವಿಕೆಯ ಪ್ರಮಾಣವೂ ಗೊತ್ತಿರುತ್ತವೆ. ಎಲ್ಲರ ಬೇಡಿಕೆಯನ್ನು ಈಡೇರಿಸಲು ಸಾಧ್ಯವೇ ಎಂಬುದು ಪ್ರಶ್ನೆ.

ಕೈಯಲ್ಲೇ ಲೆಕ್ಕ ಹಾಕಬಹುದಾದ ಉದಾಹರಣೆಯೊಂದನ್ನು ಕೊಡುತ್ತೇನೆ. ಇಬ್ಬರು ಬಳಕೆದಾರರು, ಅವಧಿಯಲ್ಲಿ ಮೂರು ಸ್ಲಾಟು (ತಲಾ ಒಂದು ಪ್ರಯತ್ನಕ್ಕಾಗುವಷ್ಟು ಹೊತ್ತು), ಪ್ರತಿ ಪ್ರಯತ್ನ ಗೆಲ್ಲುವ ಸಂಭಾವ್ಯತೆ ಅರ್ಧ. ಒಬ್ಬರೇ ಇದ್ದರೆ ಮೂರೂ ಪ್ರಯತ್ನಗಳು ಸೋಲುವುದು ಎಂಟರಲ್ಲಿ ಒಂದು ಸಲ, ಹಾಗಾಗಿ ಶೇ 87.5 ಸಿಗುತ್ತದೆ. ಇಬ್ಬರಿದ್ದು, ಮೊದಲನೆಯವರು ಗೆಲ್ಲುವವರೆಗೂ ಅವರಿಗೇ ಸ್ಲಾಟು ಕೊಟ್ಟರೆ ಅವರಿಗೆ ಶೇ 87.5, ಎರಡನೆಯವರಿಗೆ ಶೇ 50. ಅವಧಿಯಿಂದ ಅವಧಿಗೆ ಆದ್ಯತೆಯನ್ನು ಅದಲುಬದಲು ಮಾಡಿದರೆ ಇಬ್ಬರಿಗೂ ಶೇ 68.75. ಸ್ಲಾಟನ್ನು ಸುಮ್ಮನೆ ಬಿಡದ ಯಾವ ಕ್ರಮವನ್ನು ಹಿಡಿದರೂ ಇಬ್ಬರ ಮೊತ್ತ ಶೇ 137.5ನ್ನು ಮೀರುವುದಿಲ್ಲ, ಇಬ್ಬರಿಗೂ ಶೇ 70 ಕೊಡುತ್ತೇನೆಂದು ಯಾವ ಜಾಣ ಶೆಡ್ಯೂಲರ್ ಕೂಡ ಮಾತು ಕೊಡಲಾರದು. ಗಮನಿಸಬೇಕಾದ ಸೂಕ್ಷ್ಮವೆಂದರೆ, ನಾಲ್ಕರಲ್ಲಿ ಒಂದು ಸಲ ಮೊದಲ ಎರಡು ಸ್ಲಾಟುಗಳಲ್ಲೇ ಇಬ್ಬರ ಕೆಲಸವೂ ಮುಗಿದು ಮೂರನೆಯ ಸ್ಲಾಟು ಖಾಲಿ ಹೋಗುತ್ತದೆ. ಮುಂದಿನ ಪ್ಯಾಕೆಟ್ ಇನ್ನೂ ಹುಟ್ಟಿಲ್ಲದ ಕಾರಣ ಆ ಖಾಲಿ ಸ್ಲಾಟನ್ನು ಉಳಿಸಿಡಲಾಗದು. ಗಡುವಿಲ್ಲದ ಸರತಿಯಲ್ಲಿ ಈ ನಷ್ಟವಿಲ್ಲ. ಗಡುವಿನ ಬೆಲೆ ಎಂದರೆ ಈ ಖಾಲಿತನ, ಮತ್ತು ಅವರ ಪ್ರಮೇಯ ಅಳೆಯುವುದೂ ಇದನ್ನೇ: ಬಳಕೆದಾರರ ಯಾವುದೇ ಉಪಗುಂಪನ್ನು ತೆಗೆದುಕೊಂಡರೂ ಅವರ ಕೆಲಸದ ಹೊರೆ ಮತ್ತು ಅನಿವಾರ್ಯ ಖಾಲಿತನ ಕೂಡಿ ಪೂರ್ಣ ಅವಧಿಯನ್ನು ಮೀರಬಾರದು.

ಪರಿಹಾರ ಇನ್ನೂ ಸರಳ. ಪ್ರತಿಯೊಬ್ಬರಿಗೂ ಸಲ್ಲಬೇಕಾದದ್ದು ಎಷ್ಟು, ಸಂದದ್ದು ಎಷ್ಟು ಎಂಬ ಬಾಕಿಯನ್ನು ಬರೆದಿಟ್ಟುಕೊಂಡು, ಬಾಕಿ ಹೆಚ್ಚಿರುವವರಿಗೆ ಆ ಅವಧಿಯಲ್ಲಿ ಮೊದಲ ಆದ್ಯತೆ ಕೊಡುತ್ತಾ ಹೋದರೆ ಸಾಧ್ಯವಿರುವ ಯಾವ ಬೇಡಿಕೆಯಾದರೂ ಈಡೇರುತ್ತದೆ.

ಸರತಿಸಾಲು

ಎಸೆಯಲಾಗುತ್ತದೆ ಎಂಬ ಕ್ರಿಯಾಪದವನ್ನು ಅರೆಬರೆಗಣಿತ ಅವರು ಸಲೀಸಾಗಿ ಬಳಸಿದ್ದಾರೆ. ಜಾಲದ ಮೇಲ್ಪದರಗಳಲ್ಲಿ ಕೆಲಸ ಮಾಡುವವರಿಗೆ ಬಿಸಿ ತುಪ್ಪವಾಗಿರುವುದು ಇದೇ, ಏಕೆಂದರೆ ನಿಜವಾದ ಜಾಲ ಎಸೆಯಲು ಒಪ್ಪುವುದಿಲ್ಲ.

ಹಾರ್ಕ್ ಸೋತರೆ ಅದರ ಮೇಲಿರುವ ಆರ್‌ಎಲ್‌ಸಿ ಪದರ ತಾನೊಂದು ಸುತ್ತು ಮರುಪ್ರಸಾರ ಮಾಡುತ್ತದೆ. ಎರಡು ಪದರಗಳಲ್ಲಿ ಒಂದೇ ಕೆಲಸ ಏಕೆಂದರೆ, ತಲುಪಿತು ಅಥವಾ ತಲುಪಲಿಲ್ಲ ಎಂದು ಹಾರ್ಕ್‌ನಲ್ಲಿ ಮರಳಿ ಬರುವ ಒಂದು ಬಿಟ್ಟಿನ ಉತ್ತರವೂ ಅದೇ ಗಾಳಿಯಲ್ಲಿ ಬರುವುದರಿಂದ ಆಗಾಗ ತಪ್ಪಾಗಿ ಕೇಳಿಸುತ್ತದೆ. ತಲುಪಲಿಲ್ಲ ಎಂಬುದು ತಲುಪಿತು ಎಂದು ಕೇಳಿಸಿದರೆ ಹಾರ್ಕ್‌ಗೆ ಅದನ್ನು ಸರಿಪಡಿಸಿಕೊಳ್ಳುವ ದಾರಿಯಿಲ್ಲ. ಆರ್‌ಎಲ್‌ಸಿ ಇದನ್ನು ಹಿಡಿಯುತ್ತದೆ, ಆದರೆ ಹಿಡಿಯಲು ಹತ್ತಾರು ಮಿಲಿಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ಎಲ್‌ಟಿಇಯಲ್ಲಿ ಆರ್‌ಎಲ್‌ಸಿ ಎಲ್ಲವನ್ನೂ ಕ್ರಮವಾಗಿಯೇ ಮೇಲಕ್ಕೆ ಕೊಡಬೇಕಾಗಿದ್ದರಿಂದ, ಒಂದು ತುಣುಕಿಗಾಗಿ ಅದರ ಹಿಂದೆ ಸರಿಯಾಗಿ ಬಂದು ನಿಂತ ಪ್ಯಾಕೆಟ್ಟುಗಳೆಲ್ಲವೂ ಕಾಯುತ್ತಿದ್ದವು. 5ಜಿಯಲ್ಲಿ ಆರ್‌ಎಲ್‌ಸಿಯಿಂದ ಈ ಹೊಣೆಯನ್ನು ತೆಗೆದು, ಬೇಕಾದರೆ ಪಿಡಿಸಿಪಿ ಪದರವೇ ಒಂದು ಟೈಮರ್ ಇಟ್ಟುಕೊಂಡು ಕ್ರಮಗೊಳಿಸಲಿ ಎಂದು ಮಾಡಿದ್ದು ಸಣ್ಣದಾದರೂ ಒಳ್ಳೆಯ ತೀರ್ಮಾನ.

ಧ್ವನಿ ಕರೆಯನ್ನು ತೆಗೆದುಕೊಳ್ಳಿ. ವೋಲ್ಟಿಯಲ್ಲಿ (4ಜಿ ಜಾಲದ ಮೂಲಕ ಹೋಗುವ ಕರೆಯಲ್ಲಿ) ಪ್ರತಿ 20 ಮಿಲಿಸೆಕೆಂಡಿಗೆ ಒಂದು ಧ್ವನಿ ಚೌಕಟ್ಟು ಹೊರಡುತ್ತದೆ. 300 ಮಿಲಿಸೆಕೆಂಡು ತಡವಾಗಿ ಬಂದ ಚೌಕಟ್ಟು ಮುಹೂರ್ತ ಮುಗಿದ ಮೇಲೆ ಬಂದ ಓಲಗದವರಂತೆ; ಬಂದರೂ ಊದಿಸುವಂತಿಲ್ಲ. ಕಾಣೆಯಾದ ಒಂದೆರಡು ಚೌಕಟ್ಟುಗಳನ್ನು ಕೋಡೆಕ್ ಹಿಂದಿನ ಧ್ವನಿಯಿಂದಲೇ ಮರೆಮಾಚುತ್ತದೆ. ಆದ್ದರಿಂದಲೇ ಧ್ವನಿಯನ್ನು ಆರ್‌ಎಲ್‌ಸಿ ಮರುಪ್ರಸಾರವಿಲ್ಲದ ವಿಧಾನದಲ್ಲಿ ಕಳಿಸುತ್ತಾರೆ, ಮತ್ತು 5ಜಿಯ ಗುಣಮಟ್ಟದ ಪಟ್ಟಿಯಲ್ಲಿ ಧ್ವನಿಗೆ 100 ಮಿಲಿಸೆಕೆಂಡಿನ ಮಿತಿ ಹಾಗೂ ನೂರಕ್ಕೊಂದು ನಷ್ಟ ಎಂದು ಬರೆದಿದೆ. ಸಾಮಾನ್ಯ ಇಂಟರ್ನೆಟ್ ದತ್ತಾಂಶಕ್ಕೆ 300 ಮಿಲಿಸೆಕೆಂಡು, ಹತ್ತು ಲಕ್ಷಕ್ಕೊಂದು ನಷ್ಟ.

ಆ ಹತ್ತು ಲಕ್ಷಕ್ಕೊಂದು ಎಂಬುದು ಟಿಸಿಪಿಯನ್ನು (ಇಂಟರ್ನೆಟ್ಟಿನಲ್ಲಿ ದತ್ತಾಂಶದ ಸಾಗಣೆಯನ್ನು ನಿಯಂತ್ರಿಸುವ ನಿಯಮಾವಳಿಯನ್ನು) ಮೆಚ್ಚಿಸಲು ಇಟ್ಟದ್ದು. ಗಾಳಿಯಲ್ಲಾದ ನಷ್ಟವನ್ನು ಹಳೆಯ ಟಿಸಿಪಿ ದಟ್ಟಣೆಯೆಂದು ತಿಳಿದು ವೇಗವನ್ನು ಇಳಿಸುತ್ತಿತ್ತು. ಹಾಗಾಗದಂತೆ ರೇಡಿಯೊ ಜಾಲ ನಷ್ಟವನ್ನೆಲ್ಲ ವಿಳಂಬವನ್ನಾಗಿ ಪರಿವರ್ತಿಸಿ ಮುಚ್ಚಿಟ್ಟಿತು, ಅದಕ್ಕೆ ದೊಡ್ಡ ಬಫರುಗಳನ್ನು ಕಟ್ಟಿಕೊಂಡಿತು. ಪರಿಣಾಮವಾಗಿ ನಷ್ಟವೇ ಕಾಣದ ಟಿಸಿಪಿ ಬಫರ್ ತುಂಬುವವರೆಗೂ ಕಳಿಸುತ್ತಲೇ ಹೋಗುತ್ತದೆ, ಒಂದು ದೊಡ್ಡ ಡೌನ್‌ಲೋಡ್ ನಡೆಯುತ್ತಿರುವ ಫೋನಿನಲ್ಲಿ ಪಿಂಗ್ ಸಮಯ ಸೆಕೆಂಡಿನ ಲೆಕ್ಕಕ್ಕೆ ಏರುತ್ತದೆ. ಕ್ಯಾಥ್ಲೀನ್ ನಿಕಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ಕೋಡೆಲ್ ವಿಧಾನ ಸರತಿಯ ಉದ್ದವನ್ನು ಲೆಕ್ಕಿಸದೆ ಪ್ಯಾಕೆಟ್ ಕಾದ ಹೊತ್ತನ್ನು ನೋಡುತ್ತದೆ: ಕನಿಷ್ಠ ಕಾಯುವಿಕೆ 100 ಮಿಲಿಸೆಕೆಂಡುಗಳ ಕಾಲ 5 ಮಿಲಿಸೆಕೆಂಡನ್ನು ಮೀರಿಯೇ ಇದ್ದರೆ ಎಸೆಯಲು ಆರಂಭಿಸುತ್ತದೆ. ಸಕಾಲಕ್ಕೆ ಎಸೆಯುವುದು ಸೇವೆಯ ಭಾಗವೇ ಹೊರತು ಸೇವೆಯ ಲೋಪವಲ್ಲ ಎಂದು ರೇಡಿಯೊ ಕಡೆಯವರನ್ನು ಒಪ್ಪಿಸುವುದು ಈಗಲೂ ಕಷ್ಟದ ಕೆಲಸ.

ತುಂಗಾತೀರ

ಅನಂತ ಧನ್ಯವಾದಗಳು. ಎರಡು ಉಪಪ್ರಶ್ನೆಗಳಿವೆ. ನನ್ನ ಮಾರ್ಗದರ್ಶಕರು ಪ್ರಪೋರ್ಷನಲ್ ಫೇರ್ ಶೆಡ್ಯೂಲರನ್ನು ಆಧಾರವಾಗಿಟ್ಟುಕೊಂಡು ಅದಕ್ಕೆ ವಿಳಂಬವನ್ನು ಸೇರಿಸು ಎಂದಿದ್ದಾರೆ. ಅದಕ್ಕೆ ಒಪ್ಪಿತ ವಿಧಾನ ಯಾವುದು? ಲಕ್ಷಕ್ಕೊಂದು ಎಂಬ ಗುರಿಗೆ ನಿಜವಾಗಿ ಎಷ್ಟು ಬೆಲೆ ತೆರಬೇಕು?

ಅರೆಬರೆಗಣಿತ

ಮೊದಲನೆಯದಕ್ಕೆ ಉತ್ತರಿಸುತ್ತೇನೆ. ಪ್ರಪೋರ್ಷನಲ್ ಫೇರ್ ನೋಡುವುದು ಈ ಕ್ಷಣದ ದರವನ್ನು ಅದೇ ಬಳಕೆದಾರರ ಸರಾಸರಿ ದರದಿಂದ ಭಾಗಿಸಿ ಬರುವ ಸಂಖ್ಯೆಯನ್ನು ಮಾತ್ರ. ಯಾರ ಚಾನೆಲ್ ಅವರವರ ಮಟ್ಟಿಗೆ ಶಿಖರದಲ್ಲಿದೆಯೋ ಅವರಿಗೆ ಅವಕಾಶ. ಕಾಯುತ್ತಿರುವ ಪ್ಯಾಕೆಟ್ಟಿನ ವಯಸ್ಸು ಅದಕ್ಕೆ ಕಾಣಿಸುವುದಿಲ್ಲ.

ಕಾಯುವುದರಿಂದ ಲಾಭವೇನೋ ಇದೆ. ಒಳ್ಳೆಯ ಚಾನೆಲ್ ಬರುವವರೆಗೆ ತಡೆದು ಕಳಿಸಿದರೆ ಕಡಿಮೆ ಶಕ್ತಿಯಲ್ಲಿ ಅಷ್ಟೇ ದತ್ತಾಂಶ ಹೋಗುತ್ತದೆ. ಬೆರ್ರಿ ಮತ್ತು ಗ್ಯಾಲೆಜರ್ ಅವರ 2002ರ ಫಲಿತಾಂಶದಂತೆ, ವಿಳಂಬ ದೊಡ್ಡದಿರುವಾಗ ಅದನ್ನು ಎರಡರಷ್ಟು ಮಾಡಲು ಒಪ್ಪಿದರೆ ಕನಿಷ್ಠ ಶಕ್ತಿಯ ಮೇಲೆ ಆಗುತ್ತಿರುವ ಹೆಚ್ಚುವರಿ ವೆಚ್ಚ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಲಾಭದ ಬಹುಪಾಲು ಮೊದಲ ಕೆಲವು ಸ್ಲಾಟುಗಳ ತಾಳ್ಮೆಯಲ್ಲೇ ಇದೆ, ಆಮೇಲೆ ಕಾದದ್ದಕ್ಕೆ ಸಿಗುವುದು ಪುಡಿಗಾಸು. ಇದೇ ಪ್ರಶ್ನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುನೀಶ್ ಗೋಯಲ್, ಅನುರಾಗ್ ಕುಮಾರ್ ಮತ್ತು ವಿನೋದ್ ಶರ್ಮ ಅವರು ಸರಾಸರಿ ಶಕ್ತಿಯ ಮಿತಿಯೊಳಗೆ ಸರಾಸರಿ ವಿಳಂಬವನ್ನು ಕನಿಷ್ಠಗೊಳಿಸುವ ನೀತಿ ಯಾವುದು ಎಂಬ ರೂಪದಲ್ಲಿ ಬಿಡಿಸಿ 2003ರಲ್ಲಿ ಪ್ರಕಟಿಸಿದರು. ಪ್ರಬಂಧ ಬರೆಯುವವರು ಅಲ್ಲಿಂದ ಓದಲು ತೊಡಗುವುದು ಒಳ್ಳೆಯದು.

ವಿಳಂಬವನ್ನು ಸೇರಿಸುವ ಜನಪ್ರಿಯ ವಿಧಾನ ಎಂ-ಎಲ್‌ಡಬ್ಲ್ಯೂಡಿಎಫ್. ಪ್ರಪೋರ್ಷನಲ್ ಫೇರ್ ಸಂಖ್ಯೆಯನ್ನು ಸರತಿಯಲ್ಲಿ ಎಲ್ಲಕ್ಕಿಂತ ಮುಂದಿರುವ ಪ್ಯಾಕೆಟ್ ಕಾದ ಸಮಯದಿಂದ ಗುಣಿಸಿ, ಮತ್ತೆ ಒಂದು ತೂಕದಿಂದ ಗುಣಿಸುವುದು. ಆ ತೂಕವೆಂದರೆ ಅನುಮತಿಸಿದ ತಪ್ಪಿನ ಸಂಭಾವ್ಯತೆಯ ಸ್ವಾಭಾವಿಕ ಲಾಗರಿದಮ್ಮನ್ನು, ಋಣಚಿಹ್ನೆ ತೆಗೆದು, ಗಡುವಿನಿಂದ ಭಾಗಿಸಿದ್ದು. ಈಗ ಸರತಿಸಾಲು ಅವರು ಕೊಟ್ಟ ಸಂಖ್ಯೆಗಳನ್ನೇ ಹಾಕಿ ನೋಡಿ. ಧ್ವನಿಗೆ ನೂರಕ್ಕೊಂದು ಮತ್ತು 100 ಮಿಲಿಸೆಕೆಂಡು: 4.6ನ್ನು 100ರಿಂದ ಭಾಗಿಸಿದರೆ 0.046. ಸಾಮಾನ್ಯ ದತ್ತಾಂಶಕ್ಕೆ ಹತ್ತು ಲಕ್ಷಕ್ಕೊಂದು ಮತ್ತು 300 ಮಿಲಿಸೆಕೆಂಡು: 13.8ನ್ನು 300ರಿಂದ ಭಾಗಿಸಿದರೆ ಅದೂ 0.046. ಎಂದರೆ ಈ ಸೂತ್ರದ ಕಣ್ಣಿಗೆ ಒಂದು ಫೋನ್ ಕರೆಯೂ ಒಂದು ಆ್ಯಪ್ ಅಪ್‌ಡೇಟೂ ಒಂದೇ!

ಸರತಿಸಾಲು

ಲೆಕ್ಕ ನಿಜವಾಗಿಯೂ ಸ್ವಾರಸ್ಯಕರವಾಗಿದೆ, ಆದರೆ ಅದರಲ್ಲಿ ಹಾಕಿದ ಎರಡು ಸಂಖ್ಯೆಗಳು ಒಂದೇ ಜಾತಿಯವಲ್ಲ. ಪಟ್ಟಿಯಲ್ಲಿರುವ ನಷ್ಟದ ಪ್ರಮಾಣವೆಂದರೆ ಮೇಲಿನ ಪದರಕ್ಕೆ ತಲುಪಲೇ ಇಲ್ಲದ ಪ್ಯಾಕೆಟ್ಟುಗಳ ಪ್ರಮಾಣ. ಸೂತ್ರ ಕೇಳುವುದು ಗಡುವು ಮೀರಿದವುಗಳ ಪ್ರಮಾಣವನ್ನು. ಧ್ವನಿಯಂಥ ಸೇವೆಗೆ ನೂರರಲ್ಲಿ 98 ಪ್ಯಾಕೆಟ್ಟುಗಳು ಗಡುವಿನೊಳಗೆ ಬರಬೇಕೆಂದು ಪ್ರತ್ಯೇಕವಾಗಿ ಹೇಳಲಾಗಿದೆ. ತಡವಾಗಿ ಬಂದದ್ದನ್ನು ಕಳೆದುಹೋದದ್ದೆಂದೇ ಎಣಿಸಬೇಕು ಎಂಬ ನಿಯಮವಿರುವುದು ವಿಳಂಬ-ನಿರ್ಣಾಯಕ ಎಂಬ ಒಂದು ವರ್ಗಕ್ಕೆ ಮಾತ್ರ, ಉದಾಹರಣೆಗೆ 10 ಮಿಲಿಸೆಕೆಂಡು ಹಾಗೂ ಹತ್ತು ಸಾವಿರಕ್ಕೊಂದು ಎಂದಿರುವ ಕಾರ್ಖಾನೆ ಯಾಂತ್ರೀಕರಣದ ಸಾಲಿಗೆ. ಸಾಮಾನ್ಯ ದತ್ತಾಂಶಕ್ಕೆ 300 ಮಿಲಿಸೆಕೆಂಡನ್ನು ಮೀರಿದರೆ ಏನೂ ಮುಳುಗುವುದಿಲ್ಲ. ಹಾಗಾಗಿ ನಿಮ್ಮ ಮೊದಲ ಬರಹದ ವ್ಯಾಖ್ಯೆಯನ್ನು ಮೊಬೈಲ್ ಮಾನಕಗಳನ್ನು ರೂಪಿಸುವ 3ಜಿಪಿಪಿ ಆ ಒಂದು ವರ್ಗದಲ್ಲಿ ಮಾತ್ರ ಪೂರ್ತಿಯಾಗಿ ಒಪ್ಪಿಕೊಂಡಿದೆ ಎನ್ನಬಹುದು.

ಅರೆಬರೆಗಣಿತ

ಒಪ್ಪಿದೆ. ಆದರೂ ಸಿಮ್ಯುಲೇಷನ್ ಪ್ರಬಂಧಗಳಲ್ಲಿ ಪಟ್ಟಿಯ ಸಂಖ್ಯೆಗಳನ್ನು ಹಾಗೆಯೇ ಸೂತ್ರಕ್ಕೆ ಹಾಕುವುದನ್ನು ಕಂಡಿದ್ದೇನೆ, ಆದ್ದರಿಂದ ತುಂಗಾತೀರ ಅವರು ಎಚ್ಚರದಿಂದಿರಲಿ ಎಂದು ಬರೆದೆ.

ಗೋಪುರದಡಿ

ಲಕ್ಷಕ್ಕೊಂದರ ಬೆಲೆಯ ಬಗ್ಗೆ. ಒಂದೇ ಆಂಟೆನಾ, ಒಂದೇ ಹಾದಿ, ರೇಲಿ ಫೇಡಿಂಗ್ (ನೇರ ಹಾದಿಯಿಲ್ಲದೆ ಪ್ರತಿಫಲಿಸಿ ಬಂದ ಅಲೆಗಳಿಂದ ಸಂಕೇತ ಏರಿಳಿಯುವುದು) ಎಂದುಕೊಳ್ಳಿ. ಅಲ್ಲಿ ವೈಫಲ್ಯ ಹತ್ತು ಪಟ್ಟು ಕಡಿಮೆಯಾಗಲು ಶಕ್ತಿ ಹತ್ತು ಪಟ್ಟು ಹೆಚ್ಚಬೇಕು. ಶೇ 10ರಿಂದ ಲಕ್ಷಕ್ಕೊಂದಕ್ಕೆ ಇಳಿಯಲು 40 ಡೆಸಿಬೆಲ್, ಅಂದರೆ ಹತ್ತು ಸಾವಿರ ಪಟ್ಟು. ಯಾರಿಗೂ ಇದು ಸಾಧ್ಯವಿಲ್ಲ. ಪರಸ್ಪರ ಸಂಬಂಧವಿಲ್ಲದ ನಾಲ್ಕು ಹಾದಿಗಳು ಸಿಕ್ಕಿದರೆ ಅದೇ ಇಳಿಕೆಗೆ ಸುಮಾರು 10 ಡೆಸಿಬೆಲ್ ಸಾಕು. ಶೇ 10ರ ಲೋಕದಲ್ಲಿ ಈ ವೈವಿಧ್ಯವನ್ನು ಕಾಲವೇ ಒದಗಿಸುತ್ತಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸಿದರೆ ಚಾನೆಲ್ ಬದಲಾಗಿರುತ್ತಿತ್ತು. 1 ಮಿಲಿಸೆಕೆಂಡಿನೊಳಗೆ ಚಾನೆಲ್ ಬದಲಾಗುವುದಿಲ್ಲ, ಆದ್ದರಿಂದ ಆಂಟೆನಾಗಳಲ್ಲಿ, ಆವರ್ತನಗಳಲ್ಲಿ, ಬೇರೆ ಬೇರೆ ಗೋಪುರಗಳಲ್ಲಿ ಅದನ್ನು ಹುಡುಕಬೇಕು. ಕಾಲದಲ್ಲಿ ಕೊಡಲಾಗದ್ದನ್ನು ಬ್ಯಾಂಡ್‌ವಿಡ್ತ್‌ನಲ್ಲಿ ಕೊಡುವುದು ಎಂದುಕೊಂಡರೆ 5ಜಿಯ ಈ ಭಾಗವೆಲ್ಲ ಅರ್ಥವಾಗುತ್ತದೆ.

ಇದಕ್ಕೆ ಲಕ್ಷಕ್ಕೊಂದು ಗುರಿಯ ಪ್ರತ್ಯೇಕ ಸಿಕ್ಯೂಐ ಪಟ್ಟಿಯಿದೆ. 30 ಕಿಲೋಹರ್ಟ್ಸ್ ಅಂತರದ ಉಪವಾಹಕಗಳಲ್ಲಿ ಅರ್ಧ ಮಿಲಿಸೆಕೆಂಡಿನ ಸ್ಲಾಟಿಗೆ 14 ಸಂಕೇತಗಳು; ಮಿನಿ-ಸ್ಲಾಟಿನಲ್ಲಿ ಎರಡೇ ಸಂಕೇತಗಳಲ್ಲಿ, ಅಂದರೆ ಸುಮಾರು 71 ಮೈಕ್ರೊಸೆಕೆಂಡಿನಲ್ಲಿ ಕಳಿಸಿ ಮುಗಿಸಬಹುದು. ಅಪ್‌ಲಿಂಕಿನಲ್ಲಿ (ಫೋನಿನಿಂದ ಗೋಪುರಕ್ಕೆ) ಮೊದಲು ಅನುಮತಿ ಕೇಳಿ ಕಾಯುವ ಬದಲು ಜಾಗವನ್ನು ಮೊದಲೇ ಗೊತ್ತುಮಾಡಿಡುತ್ತಾರೆ. ಬಳಸದಿದ್ದರೆ ಅದು ವ್ಯರ್ಥ. ಡೌನ್‌ಲಿಂಕಿನಲ್ಲಿ ಈಗಾಗಲೇ ಹೊರಟಿರುವ ಇನ್ನೊಬ್ಬರ ದತ್ತಾಂಶದ ನಡುವೆಯೇ ತುರ್ತು ಪ್ಯಾಕೆಟ್ಟನ್ನು ತೂರಿಸಿ, ಇಲ್ಲಿ ನಿನ್ನದಲ್ಲದ್ದು ಇತ್ತು ಎಂದು ಆ ಇನ್ನೊಬ್ಬರ ಫೋನಿಗೆ ಆಮೇಲೆ ತಿಳಿಸುತ್ತಾರೆ. ವಿಡಿಯೊ ನೋಡುತ್ತಿದ್ದವರ ಬ್ಲಾಕು ಕೆಡುತ್ತದೆ, ಅವರ ಹಾರ್ಕ್ ಅದನ್ನು ಸರಿಪಡಿಸಿಕೊಳ್ಳುತ್ತದೆ. ನಿಮ್ಮ ಪ್ರಶ್ನೆಯ ಒಂದೇ ಶೆಡ್ಯೂಲರ್ ಎರಡನ್ನೂ ನಿಭಾಯಿಸುವುದು ಹೀಗೆ: ಶೇ 10ರವರ ತಾಳ್ಮೆಯನ್ನು ಲಕ್ಷಕ್ಕೊಂದರವರಿಗಾಗಿ ಖರ್ಚು ಮಾಡುತ್ತದೆ.

ಒಂದು ಎಚ್ಚರಿಕೆ. ಒಂದೇ ಪ್ಯಾಕೆಟ್ಟನ್ನು ಎರಡು ವಾಹಕಗಳಲ್ಲಿ (ಬೇರೆ ಬೇರೆ ಆವರ್ತನಗಳಲ್ಲಿ) ಕಳಿಸಿದಾಗ ಸಾವಿರಕ್ಕೊಂದನ್ನು ಸಾವಿರಕ್ಕೊಂದರಿಂದ ಗುಣಿಸಿ ಹತ್ತು ಲಕ್ಷಕ್ಕೊಂದು ಎಂದು ಬರೆಯುವ ಅಭ್ಯಾಸ ಎಲ್ಲೆಡೆ ಇದೆ. ಗೋಪುರ ಒಂದೇ ಆಗಿದ್ದು ಎದುರಿಗೊಂದು ಲಾರಿ ಬಂದು ನಿಂತರೆ ಎರಡೂ ವಾಹಕಗಳು ಒಟ್ಟಿಗೇ ಮಂಕಾಗುತ್ತವೆ.

ಯಂತ್ರಶಾಲೆ

ಇಷ್ಟು ಹೊತ್ತು ಓದುತ್ತಿದ್ದೆ. ಕಾರ್ಖಾನೆಯ ನಿಯಂತ್ರಣ ವ್ಯವಸ್ಥೆಗಳ ಕಡೆಯಿಂದ ಒಂದು ಮಾತು. ನಮ್ಮ ಚಾಲಕರಹಿತ ಗಾಡಿಗೆ ಲಕ್ಷಕ್ಕೊಂದು ಪ್ಯಾಕೆಟ್ ತಪ್ಪಿದರೆ ಏನೂ ಆಗುವುದಿಲ್ಲ. ಸಾಲಾಗಿ ಮೂರು ತಪ್ಪಿದರೆ ಅದು ಸುರಕ್ಷತೆಗಾಗಿ ತಾನೇ ನಿಂತುಬಿಡುತ್ತದೆ. 3ಜಿಪಿಪಿ ದಾಖಲೆಗಳಲ್ಲಿಯೂ ಸಂದೇಶ ಬಾರದಿದ್ದರೂ ಅನ್ವಯ ಎಷ್ಟು ಹೊತ್ತು ತಾಳಬಲ್ಲದು ಎಂಬುದಕ್ಕೆ ಪ್ರತ್ಯೇಕ ಅಳತೆಯಿದೆ. ವೈಫಲ್ಯಗಳು ಪರಸ್ಪರ ಸ್ವತಂತ್ರವಾಗಿದ್ದರೆ ನೂರಕ್ಕೊಂದು ತಪ್ಪುವ ಸಾಧಾರಣ ಕೊಂಡಿಯೂ ಸಾಲಾಗಿ ಮೂರು ತಪ್ಪುವುದು ಹತ್ತು ಲಕ್ಷಕ್ಕೊಂದು ಸಲ. ಗೋಪುರದಡಿಯವರ ಲಾರಿ ಇರುವುದರಿಂದ ಅವು ಸ್ವತಂತ್ರವಲ್ಲ, ನಿಜ. ಆದರೆ ಶೆಡ್ಯೂಲರಿಗೆ ಮೊದಲನೆಯದು ತಪ್ಪಿದ್ದು ತಿಳಿಯುತ್ತದೆಯಲ್ಲ? ಎಲ್ಲ ಪ್ಯಾಕೆಟ್ಟುಗಳಿಗೂ ದುಬಾರಿ ರಕ್ಷಣೆ ಕೊಡುವ ಬದಲು, ಒಂದು ತಪ್ಪಿದ ಕೂಡಲೇ ಮುಂದಿನದಕ್ಕೆ ಎರಡು ವಾಹಕ, ಕಡಿಮೆ ದರ, ಎಲ್ಲವನ್ನೂ ಕೊಡಲಿ. ಬೇಡಿಕೆಯನ್ನು ಹೀಗೆ ಬರೆದರೆ ವೆಚ್ಚ ಬಹಳ ಇಳಿಯುತ್ತದೆ.

ಅರೆಬರೆಗಣಿತ

ಇದು ಬಾಕಿಯ ಲೆಕ್ಕವೇ, ಆದರೆ ಬಾಕಿಗೆ ನೆನಪಿನ ಅವಧಿ ಚಿಕ್ಕದು. ಹೌ-ಬೋರ್ಕರ್-ಕುಮಾರ್ ಮಾದರಿಯ ಬಾಕಿ ದೀರ್ಘಕಾಲದ ಸರಾಸರಿಯನ್ನು ಕಾಯುತ್ತದೆ. ಸಾಲಾಗಿ ಮೂರು ತಪ್ಪಿ ಆಮೇಲೆ ನೂರು ಸರಿಯಾಗಿ ಬಂದರೂ ಅದಕ್ಕೆ ತೃಪ್ತಿಯೇ. ಯಂತ್ರಶಾಲೆ ಅವರ ಗಾಡಿಗೆ ಅದು ಸಲ್ಲದು. ತುಂಗಾತೀರ ಅವರೇ, ನಿಮ್ಮ ಪ್ರಬಂಧದ ವಿಷಯ ಇಲ್ಲಿಯೇ ಇದೆ ಎಂದು ನನಗೆ ತೋರುತ್ತದೆ.

ತುಂಗಾತೀರ

ಹಾಗೆಯೇ ಮಾಡುತ್ತೇನೆ. ಸಿಮ್ಯುಲೇಷನ್‌ನಲ್ಲಿ ಯಾವ ಅಳತೆಯನ್ನು ತೋರಿಸಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ.

ಗೋಪುರದಡಿ

ಸರಾಸರಿ ವಿಳಂಬವನ್ನು ಮುಖ್ಯ ಚಿತ್ರವನ್ನಾಗಿ ಹಾಕಬೇಡಿ. ವಿಳಂಬ ಇಂತಿಷ್ಟನ್ನು ಮೀರುವ ಸಂಭಾವ್ಯತೆಯ ವಕ್ರರೇಖೆಯನ್ನು ಲಾಗ್ ಅಳತೆಯಲ್ಲಿ ಹಾಕಿ, ತಲುಪದ ಪ್ಯಾಕೆಟ್ಟುಗಳ ವಿಳಂಬವನ್ನು ಅನಂತವೆಂದು ಎಣಿಸಿ. ಆಗ ನಷ್ಟವೂ ತಡವೂ ಒಂದೇ ಚಿತ್ರದಲ್ಲಿ ಕಾಣುತ್ತವೆ, ಹಾರ್ಕ್‌ನ ಪ್ರತಿ ಸುತ್ತೂ ಅದರಲ್ಲಿ ಒಂದು ಮೆಟ್ಟಿಲಾಗಿ ಮೂಡುತ್ತದೆ. ಅದರ ಪಕ್ಕದಲ್ಲಿ ಸಾಲು ವೈಫಲ್ಯಗಳ ಉದ್ದದ ಹಂಚಿಕೆಯನ್ನು ಇಡಿ. ಸಿಕ್ಯೂಐ ವರದಿಯ ತಡವನ್ನು ಮಾದರಿಯಲ್ಲಿ ಮರೆಯದೆ ಸೇರಿಸಿ, ಏಕೆಂದರೆ ಅದು ಸೊನ್ನೆಯಾಗಿದ್ದರೆ ಯಾವ ಶೆಡ್ಯೂಲರ್ ಆದರೂ ಚೆನ್ನಾಗಿಯೇ ಕಾಣುತ್ತದೆ. ಲಕ್ಷಕ್ಕೊಂದು ಎಂಬುದನ್ನು ತೋರಿಸಲು ಕೆಲವು ಲಕ್ಷ ಪ್ಯಾಕೆಟ್ಟುಗಳು ಸಾಲವು. ನೂರು ವೈಫಲ್ಯಗಳಾದರೂ ಕಾಣಬೇಕೆಂದರೆ ಒಂದು ಕೋಟಿ ಬೇಕು.